ಗಟ್ಟಿ ನೂಲಿನ ಮಿಲ್ಲು

ಆಸ್ಪತ್ರೆಯಿಂದ ಫೋನು ಬಂದಾಗ ಸೊಸೆ ಔಷಧಿ ಅಂಗಡಿಯಲ್ಲಿ ಗಿರಾಕಿಗೆ ಮಾತ್ರೆ ಎಣಿಸಿ ಕೊಡುತ್ತಿದ್ದಳು. ಮಗುವಿನ ಕಿವಿಯ ಆಪರೇಷನ್ನಿಗೆ ದಿನ ಗೊತ್ತಾಗಿದೆ, ಮುಂದಿನ ವಾರದೊಳಗೆ ದುಡ್ಡು ಕಟ್ಟಬೇಕು ಎಂದಷ್ಟೇ ಆ ಕಡೆಯ ಹೆಂಗಸು ಹೇಳಿದ್ದು. ಅಷ್ಟಕ್ಕೇ ಇವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮಾಲೀಕರಿಗೆ ಒಂದು ಮಾತು ಹೇಳಿ, ಚಪ್ಪಲಿ ಮೆಟ್ಟಿಕೊಂಡಳೋ ಇಲ್ಲವೋ ಎಂಬಂತೆ ಮನೆಗೆ ಓಡಿ ಬಂದಳು. ಮುಂದಿನ ಕೋಣೆಯಲ್ಲಿ ಅತ್ತೆ ಹೊಲಿಗೆ ಮೆಷಿನ್ನಿನ ಮುಂದೆ ಕೂತಿದ್ದರು. ಐದು ತುಂಬಲು ಬಂದಿದ್ದ ಮೊಮ್ಮಗಳು ಮೆಷಿನ್ನಿನ ಹಲಗೆಗೆ ಕೆನ್ನೆ ಒತ್ತಿಕೊಂಡು, ಅದರ ನಡುಕವನ್ನು ಮೈಗೆಲ್ಲ ಹತ್ತಿಸಿಕೊಳ್ಳುತ್ತ ನಗುತ್ತಿದ್ದಳು. ಹುಟ್ಟಿನಿಂದ ಅವಳಿಗೆ ಕಿವಿ ಕೇಳಿಸದು.

"ಅತ್ತೆ, ದಿನ ಕೊಟ್ರು. ಶೇರೆಲ್ಲ ಮಾರಿಬಿಡಿ, ವಾರದೊಳಗೆ ಕಟ್ಟಬೇಕಂತೆ."

ಮೆಷಿನ್ನು ನಿಂತಿತು. ಅತ್ತೆ ತಲೆ ಎತ್ತಲಿಲ್ಲ.

"ನಾಳೆ ನೋಡೋಣ."

"ನಾಳೆ ಯಾಕೆ? ಶೇರುಪೇಟೆ ಮುಚ್ಚೋಕೆ ಇನ್ನೂ ಹೊತ್ತಿದೆಯಲ್ಲ."

"ನಾಳೆ ಅಂದ್ನಲ್ಲ. ಒಂದ್ಸಲ ಹೇಳಿದ್ರೆ ಅರ್ಥ ಆಗಲ್ವಾ ನಿನಗೆ?"

ಎಷ್ಟೋ ತಿಂಗಳಿಂದ ಕೇಳದೆ ಇದ್ದ ಆ ಹಳೆಯ ಧ್ವನಿ ಮತ್ತೆ ಬಂದಿತ್ತು. ಶೇರಿನ ವ್ಯವಹಾರವೆಲ್ಲ ನಡೆಯುತ್ತಿದ್ದ ಅತ್ತೆಯ ಫೋನು ಎಲ್ಲಿದೆ ಎಂದು ಸೊಸೆ ಸುತ್ತ ನೋಡಿದಳು. ಕತ್ತರಿಸಿಟ್ಟ ಬಟ್ಟೆಯ ರಾಶಿಯ ಅಡಿಯಲ್ಲಿ ಅದರ ಮೂಲೆ ಕಾಣುತ್ತಿತ್ತು. ಫೋನನ್ನು ಬಟ್ಟೆಯಡಿ ಬಚ್ಚಿಡುವ ಹೆಂಗಸಲ್ಲ ಅತ್ತೆ...

ಇಲ್ಲಿ ಸ್ವಲ್ಪ ನಿಂತು ಹಿಂದಕ್ಕೆ ಹೋಗಬೇಕು. ಇಲ್ಲದಿದ್ದರೆ ನೀವು ಆ ಹೆಂಗಸನ್ನು ಸುಮ್ಮನೆ ಬೈದುಬಿಡುತ್ತೀರಿ. ಬೈಯುವುದು ಸುಲಭ, ಬಾಯಿಗೇನು ಬಾಡಿಗೆಯೇ!

ಬೀದಿಯವರೆಲ್ಲ ಅವರನ್ನು ಕರೆಯುತ್ತಿದ್ದದ್ದು 'ಕತ್ತರಿಯಮ್ಮ' ಎಂದು. ಹೊಲಿಗೆಯವರು ಎಂಬುದಕ್ಕೆ ಆ ಹೆಸರು ಬಂತೋ, ನಾಲಿಗೆಗೆ ಬಂತೋ, ಹೇಳುವುದು ಕಷ್ಟ. ಮದುವೆಯಾಗಿ ಬಂದ ದಿನದಿಂದ ಸೊಸೆ ಅವರ ಬಾಯಿಗೆ ಬಿದ್ದು ಬಿದ್ದು ಹಣ್ಣಾಗಿದ್ದಳು. ನಿಂತರೆ ತಪ್ಪು, ಕೂತರೆ ತಪ್ಪು. ಮಗುವಿಗೆ ಕಿವಿ ಕೇಳಿಸದು ಎಂದು ಗೊತ್ತಾದ ದಿನವಂತೂ, "ನಮ್ಮ ಕಡೆ ಇಂಥದ್ದು ಯಾರಿಗೂ ಇರ್ಲಿಲ್ಲ" ಎಂದುಬಿಟ್ಟಿದ್ದರು. ಲಾರಿ ಓಡಿಸುವ ಮಗ ಮನೆಯಲ್ಲಿದ್ದದ್ದೇ ಕಡಿಮೆ. ಇದ್ದಾಗಲೂ ತಾಯಿಯ ಎದುರು ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಆದರೆ ಅದೇ ಬಾಯಿಯ ಹೆಂಗಸು ಮೊಮ್ಮಗಳನ್ನು ಒಂದು ಗಳಿಗೆ ಕೆಳಗಿಳಿಸಿದವರಲ್ಲ. ಕೇಳದ ಕಿವಿಗೆ ದಿನವಿಡೀ ಕಥೆ ಹೇಳುತ್ತಿದ್ದರು.

ಕಿವಿಯೊಳಗೆ ಯಂತ್ರ ಕೂರಿಸಿದರೆ ಮಗು ಕೇಳಬಹುದು, ಮಾತನಾಡಬಹುದು, ಆದರೆ ಐದು ತುಂಬುವುದರೊಳಗೆ ಆಗಬೇಕು, ತಡವಾದಷ್ಟೂ ಪ್ರಯೋಜನ ಕಡಿಮೆ ಎಂದು ಡಾಕ್ಟರು ಹೇಳಿದ್ದರು. ಅಂದಿನಿಂದ ಸೊಸೆ ಸಂಬಳದಲ್ಲಿ ಉಳಿಸಿದ್ದನ್ನೆಲ್ಲ ತಿಂಗಳು ತಿಂಗಳು ಒಂದು ಮ್ಯೂಚುವಲ್ ಫಂಡಿಗೆ ಹಾಕುತ್ತ ಬಂದಳು. ಗಂಡನೂ ಕೈಲಾದಷ್ಟು ಸೇರಿಸಿದ. ಅದು ನಿಧಾನವಾಗಿ ಬೆಳೆಯಿತು. ಬೆಳೆದರೂ ಆಸ್ಪತ್ರೆಯ ಲೆಕ್ಕಕ್ಕೆ ಇನ್ನೂ ಒಂದಿಷ್ಟು ಕಡಿಮೆಯೇ ಇತ್ತು.

ಒಂದು ದಿನ ಅತ್ತೆ ತಾವಾಗಿಯೇ ಅವಳ ಪಕ್ಕ ಬಂದು ಕೂತರು.

"ಅದೇನೇ ಅದು, ಶೇರು ಶೇರು ಅಂತಾರಲ್ಲ, ನನಗೂ ಹೇಳ್ಕೊಡು. ನನ್ನ ಹೊಲಿಗೆ ದುಡ್ಡು ಸ್ವಲ್ಪ ಇದೆ. ಮಗುಗೆ ನಾನೂ ಸೇರಿಸ್ತೀನಿ."

ಹಾಗೆ ಶುರುವಾಯಿತು ಪಾಠ. ಶೇರು ಅಂದರೆ ಕಂಪನಿಯಲ್ಲೊಂದು ತುಂಡು ಪಾಲು, ಬೆಲೆ ಏರಿದರೆ ಲಾಭ, ಇಳಿದರೆ ನಷ್ಟ, ಎಲ್ಲವನ್ನೂ ಒಂದೇ ಕಡೆ ಹಾಕಬಾರದು... ಕತ್ತರಿಯಮ್ಮನ ತಲೆ ಚುರುಕು. ಪಾಠಕ್ಕೆ ಕೂತಾಗ ಮಾತ್ರ ಅವರು ಸೊಸೆಯನ್ನು ಗದರುತ್ತಿರಲಿಲ್ಲ. ಸೊಸೆ ಒಂದು ನಿಯಮವನ್ನು ಒತ್ತಿ ಒತ್ತಿ ಹೇಳಿದ್ದಳು: "ಕೊಂಡಿದ್ದು ನೂರಕ್ಕೆ ಹತ್ತು ಇಳೀತು ಅಂದ್ರೆ ಯೋಚನೆ ಮಾಡ್ಬಾರ್ದು ಅತ್ತೆ, ಮಾರಿ ಕೈ ತೊಳ್ಕೊಂಡ್ಬಿಡಬೇಕು." ಅಷ್ಟು ಇಳಿದ ಕೂಡಲೇ ಶೇರು ತಾನಾಗಿಯೇ ಮಾರಿಹೋಗುವ ಹಾಗೆ ಫೋನಿನಲ್ಲಿ ಮೊದಲೇ ಆರ್ಡರ್ ಹಾಕಿಡುವುದನ್ನೂ ತೋರಿಸಿದ್ದಳು.

ಮೊದಲು ಕೊಂಡ ಒಂದೆರಡು ಶೇರು ಏರಿದವು. ಅವತ್ತು ಸೊಸೆ ಕೆಲಸದಿಂದ ಬಂದಾಗ ಅತ್ತೆ ತಾವೇ ಟೀ ಮಾಡಿ ಕೊಟ್ಟು, "ಊಟ ಮಾಡಿದ್ಯಾ ಮಧ್ಯಾಹ್ನ?" ಎಂದು ಕೇಳಿದರು. ಇಷ್ಟು ವರ್ಷದಲ್ಲಿ ಮೊದಲ ಸಲ! ಇವಳು ಒಳಗೆ ಹೋಗಿ ಬಾಗಿಲ ಹಿಂದೆ ನಿಂತು ಅತ್ತುಬಿಟ್ಟಳು. ಆಮೇಲೊಂದು ದಿನ ಅತ್ತೆ ಪಕ್ಕದ ಮನೆಯವಳ ಮುಂದೆ, "ನನ್ನ ಸೊಸೆ ತಲೆ ಅಂದ್ರೆ ತಲೆ ಕಣಮ್ಮ" ಎಂದದ್ದು ಅವಳ ಕಿವಿಗೆ ಬಿತ್ತು. ಹಸಿದವರಿಗೆ ಒಂದು ತುತ್ತು ಹಾಕಿದರೆ ಅವರು ಏನು ಬೇಕಾದರೂ ಕೊಟ್ಟುಬಿಡುತ್ತಾರೆ. ಅವಳೂ ಕೊಟ್ಟಳು. ಅತ್ತೆ ಕೇಳಿರಲಿಲ್ಲ, ಅವಳಾಗಿಯೇ ಫಂಡಿನಲ್ಲಿದ್ದ ಮಗುವಿನ ದುಡ್ಡನ್ನೆಲ್ಲ ತೆಗೆದು, "ನೀವೇ ನೋಡ್ಕೊಳ್ಳಿ ಅತ್ತೆ, ನಿಮ್ಮ ಕೈಗುಣ ಚೆನ್ನಾಗಿದೆ" ಎಂದು ಅವರ ಖಾತೆಗೆ ಹಾಕಿದಳು. ಅಂದು ಅತ್ತೆಯ ಮುಖದಲ್ಲಿ ಅರಳಿದ ಹೆಮ್ಮೆಯನ್ನು ನೋಡುವುದಕ್ಕೆ ಅವಳು ಅದಕ್ಕಿಂತ ಹೆಚ್ಚಿನದನ್ನೂ ಕೊಡುತ್ತಿದ್ದಳೇನೋ.

ಈಗ ಆ ಫೋನು ಬಟ್ಟೆಯ ರಾಶಿಯ ಅಡಿಯಲ್ಲಿತ್ತು. ಸೊಸೆ ಅದನ್ನು ಎಳೆದು ತೆಗೆದಳು. ಅತ್ತೆ ತಡೆಯಲಿಲ್ಲ. ಪರದೆ ತುಂಬ ನಷ್ಟದ ಕೆಂಪು ಅಂಕಿಗಳು. ಎಲ್ಲ ದುಡ್ಡೂ ಒಂದೇ ಶೇರಿನಲ್ಲಿ, ಒಂದು ಬಟ್ಟೆ ಮಿಲ್ಲಿನ ಶೇರಿನಲ್ಲಿ. ಮಾರಲು ಒತ್ತಿದಳು. ಆಗಲಿಲ್ಲ. ಮತ್ತೆ ಒತ್ತಿದಳು. ಮಿಲ್ಲಿನವರು ಸಾಲ ಕಟ್ಟಲಾಗದೆ ಬಾಗಿಲು ಹಾಕಿದ್ದರು. ಆ ಶೇರಿನ ವ್ಯವಹಾರವನ್ನೇ ಪೇಟೆಯವರು ನಿಲ್ಲಿಸಿದ್ದರು. ಅಳಿದುಳಿದ ಚೂರುಪಾರನ್ನೂ ಈಗ ಕೊಳ್ಳುವವರಿಲ್ಲ.

"ನೂರಕ್ಕೆ ಹತ್ತು ಇಳಿದಾಗ ತಾನೇ ಮಾರಿಹೋಗ್ಬೇಕಿತ್ತಲ್ಲ ಅತ್ತೆ... ನಾನು ಹಾಕೋಕೆ ಹೇಳಿದ್ದ ಆರ್ಡರ್ ಏನಾಯ್ತು?"

"ತೆಗೆದುಬಿಟ್ಟೆ."

"ಯಾಕೆ?"

ಅತ್ತೆಯ ಬಾಯಿಂದ ಮಾತು ಒಂದೊಂದಾಗಿ ಹೊರಬಂತು.

"ಆ ಮಿಲ್ಲಿನ ಬಟ್ಟೇನ ನಾನು ಹುಡುಗಿಯಾಗಿದ್ದಾಗಿಂದ ಹೊಲ್ದಿದೀನಿ. ಎಷ್ಟು ಒಗೆದ್ರೂ ಬಣ್ಣ ಹೋಗಲ್ಲ, ಎಷ್ಟು ಎಳೆದ್ರೂ ನೂಲು ಬಿಡಲ್ಲ. ಅಂಥ ಬಟ್ಟೆ ಮಾಡೋರು ಮುಳುಗ್ತಾರೆ ಅಂತ ಹ್ಯಾಗೆ ಅನ್ಕೊಳ್ಳಲಿ? ಇಳೀತು. ಇಳಿದ್ರೆ ಇಳೀಲಿ, ಸರಿ ಮಾಡೋಣ ಅಂತ ಇನ್ನಷ್ಟು ಕೊಂಡೆ. ಮತ್ತೆ ಇಳೀತು, ಮತ್ತೆ ಕೊಂಡೆ. ನನ್ನ ಜೀವಮಾನದಲ್ಲಿ ಕೆಟ್ಟುಹೋಯ್ತು ಅಂತ ಒಂದು ಬಟ್ಟೆ ಬಿಸಾಕಿದೋಳಲ್ಲ ಕಣೇ ನಾನು. ಚಿಕ್ಕದಾಯ್ತು ಅಂದ್ರೆ ತುಂಡು ಸೇರಿಸಿದೀನಿ, ತಪ್ಪು ಕತ್ತರಿಸಿದ್ರೆ ಇನ್ನೊಂದು ಮಾಡಿ ಹೊಲ್ದಿದೀನಿ. ಇದನ್ನೂ ಹಾಗೇ ಮಾಡ್ತೀನಿ ಅನ್ಕೊಂಡೆ... ನೂಲು ಗಟ್ಟಿ ಇತ್ತು. ಮಿಲ್ಲು ಗಟ್ಟಿ ಇರ್ಲಿಲ್ಲ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಜನ ಹೇಳುವ ಮಾತು ಎಷ್ಟು ಸಣ್ಣದು ಎಂದು ಸೊಸೆಗೆ ಅವತ್ತು ಗೊತ್ತಾಯಿತು. ಮೆಷಿನ್ನು ನಿಂತದ್ದೇಕೆ ಎಂದು ಮಗು ಅಜ್ಜಿಯ ಕಾಲನ್ನು ಹಿಡಿದು ಮತ್ತೆ ಪೆಡಲಿನ ಮೇಲೆ ಇಡಲು ನೋಡುತ್ತಿತ್ತು.

ಮರುದಿನ ಮಗ ಬಂದ. ಲಾರಿಯ ಧೂಳು ಮೈಮೇಲೆ ಹಾಗೇ ಇತ್ತು. ಎಲ್ಲವನ್ನೂ ಕೇಳಿದ. ಕಿರುಚುತ್ತಾನೆ, ಏನಾದರೂ ಎತ್ತಿ ಒಗೆಯುತ್ತಾನೆ ಎಂದು ಇಬ್ಬರೂ ಹೆದರಿ ನಿಂತಿದ್ದರು. ಅವನು ಗೋಡೆಗೆ ಒರಗಿ ನೆಲದ ಮೇಲೆ ಕೂತುಬಿಟ್ಟ.

"ಅಮ್ಮ, ನಾನು ನಿನ್ನ ಹತ್ರ ಯಾವತ್ತಾದ್ರೂ ಏನಾದ್ರೂ ಕೇಳಿದೀನಾ? ನನ್ನ ಮಗಳು ಒಂದೇ ಒಂದ್ಸಲ ನನ್ನನ್ನ 'ಅಪ್ಪಾ' ಅಂತ ಕರೀಲಿ ಅಂತಿದ್ದೆ. ಅಷ್ಟೇ ಅಮ್ಮ."

ಕತ್ತರಿಯಮ್ಮ ಹೊಲಿಯದೆ ಉಳಿದಿದ್ದ ಬಟ್ಟೆಗಳನ್ನು ಎತ್ತಿ ಮಡಿಸತೊಡಗಿದರು.

"ಅವರನ್ನ ಅನ್ಬೇಡಿ," ಎಂದಳು ಸೊಸೆ. "ಅವರು ಕೇಳಿರ್ಲಿಲ್ಲ, ನಾನೇ ಕೊಟ್ಟೆ. ಎರಡು ಒಳ್ಳೆ ಮಾತು ಆಡಿದ್ರು ರೀ... ಅದಕ್ಕೆ ಕೊಟ್ಬಿಟ್ಟೆ."

ಅವಳು ತಪ್ಪನ್ನು ಹಂಚಿಕೊಂಡಳು ನಿಜ. ಕ್ಷಮಿಸಿದಳು ಎಂದು ಮಾತ್ರ ತಿಳಿಯಬೇಡಿ. ಅಂದಿನಿಂದ ಅವಳು ಅತ್ತೆಯನ್ನು ಅತ್ತೆ ಎಂದು ಕರೆಯಲಿಲ್ಲ. "ಊಟಕ್ಕೆ ಬಡಿಸಿದೆ," "ಬಾಗಿಲು ಹಾಕ್ಕೊಳ್ಳಿ," ಅಷ್ಟೇ. ಬೈದಿದ್ದರೆ ಅತ್ತೆಗೆ ಎಷ್ಟೋ ಹಗುರವಾಗುತ್ತಿತ್ತು. "ಒಂದ್ಸಲ ಬಾಯಿ ತುಂಬ ಬೈದುಬಿಡಮ್ಮ," ಎಂದು ಅವರೇ ಒಂದು ದಿನ ಕೇಳಿಕೊಂಡರು. ಸೊಸೆ ಪಾತ್ರೆ ತೊಳೆಯುತ್ತಲೇ ಇದ್ದಳು.

ಅತ್ತೆ ಮೆಷಿನ್ನನ್ನು ಮಾರಿದರು. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ! ಈ ವಯಸ್ಸಿನಲ್ಲಿ ಬೇರೆಯವರ ಅಂಗಡಿಗೆ ಹೋಗಿ ಕೂಲಿಗೆ ಗುಂಡಿ ಹಚ್ಚಿದರು, ಅಂಚು ಮಡಿಸಿದರು. ಮಗ ಕೇಳಿದ ಕಡೆಯಲ್ಲೆಲ್ಲ ಸಾಲ ಇಲ್ಲ ಎನಿಸಿಕೊಂಡ. ಆಸ್ಪತ್ರೆಯವರು ಆ ದಿನವನ್ನು ಇನ್ನೊಂದು ಮಗುವಿಗೆ ಕೊಟ್ಟರು. ಐದು ತುಂಬಿತು, ಆರೂ ಹತ್ತಿರ ಬಂತು. ಮತ್ತೆ ತೋರಿಸಲು ಹೋದಾಗ ಡಾಕ್ಟರು ಮೇಜಿನ ಮೇಲಿದ್ದ ಕನ್ನಡಕವನ್ನು ಅತ್ತಿತ್ತ ಸರಿಸುತ್ತ, "ಈಗ ಮಾಡಿಸಿದ್ರೂ ಮಾತು ಬರೋದು ಕಷ್ಟ. ಅವಳಿಗೆ ಈಗ ಒಂದು ಭಾಷೆ ಬೇಕು, ಕೈ ಭಾಷೆ ಕಲಿಸಿ. ಇನ್ನು ತಡ ಮಾಡ್ಬೇಡಿ" ಎಂದರು.

ಕೈ ಭಾಷೆಯ ಶಾಲೆಗೆ ಮಗುವಿನ ಜೊತೆ ಮನೆಯವರೂ ಬಂದು ಕಲಿಯಬೇಕಿತ್ತು. ತಾಯಿ ಬೇಗ ಕಲಿತಳು. ಮಗುವಂತೂ ಒಂದೆರಡು ತಿಂಗಳಲ್ಲಿ ಎರಡೂ ಕೈಯಲ್ಲಿ ಹರಟೆ ಹೊಡೆಯತೊಡಗಿತು. ಜಗಳವಾಡಿತು, ಚಾಡಿ ಹೇಳಿತು, ಅಪ್ಪ ಬಂದಾಗ ಕೈಯಲ್ಲೇ ಕೂಗಿ ಕರೆಯಿತು. ಅಂದು ಲಾರಿಯವನು ಮಗಳ ಮುಂದೆ ಮಂಡಿಯೂರಿ, "ಇನ್ನೊಂದ್ಸಲ ಕರಿ" ಎನ್ನುವಂತೆ ಬೆರಳೆತ್ತಿ ಎಷ್ಟು ಸಲ ಕೇಳಿದನೋ. ಹಿಂದುಳಿದವರು ಅಜ್ಜಿ ಒಬ್ಬರೇ. ಗಂಟು ಕಟ್ಟಿದ ಬೆರಳು ಹೇಳಿದ ಮಾತು ಕೇಳುತ್ತಿರಲಿಲ್ಲ. ಊರನ್ನೇ ಹೆದರಿಸಿದ ಬಾಯಿಯಿದ್ದ ಹೆಂಗಸು ಮಕ್ಕಳ ನಡುವೆ ಮೂಕಿಯ ಹಾಗೆ ಕೂತಿರುತ್ತಿದ್ದರು.

ಒಂದು ಬೆಳಿಗ್ಗೆ ಅಜ್ಜಿ ಟೀಚರನ್ನು ಪಕ್ಕಕ್ಕೆ ಕರೆದು ಏನನ್ನೋ ಕೇಳಿಕೊಂಡರು. ಟೀಚರು ತೋರಿಸಿದ್ದನ್ನು ಮೂಲೆಯಲ್ಲಿ ನಿಂತು ಮತ್ತೆ ಮತ್ತೆ ಮಾಡಿ ನೋಡಿದರು. ಆಮೇಲೆ ಬಂದು ಮೊಮ್ಮಗಳ ಮುಂದೆ ಕಷ್ಟಪಟ್ಟು ಕುಕ್ಕರಗಾಲಲ್ಲಿ ಕೂತು, ಕೈಯನ್ನು ಎದೆಯ ಮೇಲಿಟ್ಟು ಸುತ್ತಿಸಿದರು. ತಪ್ಪಾಯಿತು, ಕ್ಷಮಿಸು ಎಂಬ ಮಾತು ಅದು.

ಮಗು ಅಜ್ಜಿಯ ಮುಖ ನೋಡಿತು. ಕೈಯಾಡಿಸಿ ಏನೋ ಕೇಳಿತು. ಅಜ್ಜಿಗೆ ತಿಳಿಯಲಿಲ್ಲ, ಸೊಸೆಯ ಕಡೆ ತಿರುಗಿದರು.

"ಏನು ತಪ್ಪು ಮಾಡಿದೆ ಅಂತ ಕೇಳ್ತಿದಾಳೆ," ಎಂದಳು ಸೊಸೆ, ಎಲ್ಲೋ ನೋಡುತ್ತ.

"ಹೇಳು ಅವಳಿಗೆ. ಇದ್ದದ್ದು ಇದ್ದ ಹಾಗೇ ಹೇಳು. ನನಗೆ ಅಷ್ಟು ಮಾತು ಬರಲ್ಲ."

ಸೊಸೆ ಹೇಳಿದಳು. ನಿನ್ನ ಕಿವಿಗೆ ಅಂತ ದುಡ್ಡು ಇಟ್ಟಿದ್ದೆವು. ಅಮ್ಮ ಅದನ್ನು ಅಜ್ಜಿಗೆ ಕೊಟ್ಟಳು. ಅಜ್ಜಿ ಕಳೆದಳು. ಇಷ್ಟು ಹೇಳುವುದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಎರಡು ಕೈ ಸಾಕಾಯಿತು.

ಮಗು ಸ್ವಲ್ಪ ಯೋಚಿಸಿತು. ಅಜ್ಜಿ ಅತ್ತಳಾ ಎಂದು ಕೇಳಿತು. ಹೌದು ಎಂದಳು ತಾಯಿ. ತುಂಬಾ ಅತ್ತಳಾ? ಹೌದು, ದಿನಾ. ಆಗ ಮಗು ತನ್ನ ಅಂಗಿಯ ಅಂಚಿನಿಂದ ಅಜ್ಜಿಯ ಕೆನ್ನೆಗಳನ್ನು ಒರಸಿ, ಕೈಯಲ್ಲಿ ಒಂದೇ ಒಂದು ಮಾತು ಹೇಳಿ, ಆಡುತ್ತಿದ್ದ ಮಕ್ಕಳ ಕಡೆಗೆ ಓಡಿಹೋಯಿತು.

"ಏನಂದ್ಲು?" ಅತ್ತೆಯ ಧ್ವನಿ ಕೇಳಿಸಿಯೂ ಕೇಳಿಸದಂತಿತ್ತು. "ಏನಂದ್ಲಮ್ಮಾ ನನ್ನ ಕಂದ?"

ಸೊಸೆಯ ಒಳಗೇ ವರ್ಷದಿಂದ ಗಂಟು ಹಾಕಿಕೊಂಡಿದ್ದದ್ದೆಲ್ಲ ಒಟ್ಟಿಗೆ ಮೇಲೆ ಬಂತು. ಅವಳು ಬಗ್ಗಿ, ಏಳಲಾಗದೆ ಕೂತಿದ್ದ ಆ ಮುದುಕಿಯ ಎರಡೂ ರಟ್ಟೆ ಹಿಡಿದು ಎಬ್ಬಿಸಿದಳು.

"ಸಾಕಂತೆ," ಎಂದಳು. "ಸಾಕಂತೆ ಅತ್ತೆ."