ಪಕ್ಕದ ಲ್ಯಾಬ್ ತೆರೆದಿದೆ

ಆದೋನಿಯಲ್ಲಿ ನನ್ನದೊಂದು ರಕ್ತಪರೀಕ್ಷೆಯ ಲ್ಯಾಬ್. ಫೋನಿನ ಮ್ಯಾಪಿನಲ್ಲಿ ಅದು ಕಾಣದಂತಾಗಿತ್ತು. ವಿಳಾಸ, ಫೋಟೊ, ವೇಳೆ ಎಲ್ಲ ತಿದ್ದಿ ಮತ್ತೆ ಮೇಲೆ ತಂದೆ. ಆದರೂ ಮೊದಲು ಬರುವುದು ಪಕ್ಕದ ವಾಗೀಶನ ಲ್ಯಾಬೇ. ವಾಗೀಶ ಸತ್ತು ವರ್ಷವಾಯಿತು. ‘ಮುಚ್ಚಿದೆ’ ಎಂದು ನಾನು ತಿಳಿಸಿದಾಗಲೆಲ್ಲ ಮ್ಯಾಪು ಮರುದಿನವೇ ‘ತೆರೆದಿದೆ’ ಎನ್ನುತ್ತದೆ. ಜೊತೆಗೆ ಯಾರೋ ಹೊಸದಾಗಿ ಐದು ಸ್ಟಾರ್ ಕೊಟ್ಟಿರುತ್ತಾರೆ. ಬದುಕಿದ್ದಾಗಲೂ ಗಿರಾಕಿಗಳು ಅವನ ಬಾಗಿಲಿಗೇ ಹೋಗುತ್ತಿದ್ದರು. ಸತ್ತವನ ಮೇಲೂ ನನ್ನ ಹೊಟ್ಟೆಕಿಚ್ಚು ಆರಲಿಲ್ಲ.

ಮೊನ್ನೆ ಕೋಸಗಿಯ ಕೊಂಡಮ್ಮ ಮೊಣಕೈ ಮಡಚಿಕೊಂಡೇ ಒಳಗೆ ಬಂದಳು.

“ರಿಪೋರ್ಟ್ ಯಾವಾಗ ಕೊಡ್ತೀರಪ್ಪಾ?”

“ರಕ್ತಾನೇ ಕೊಟ್ಟಿಲ್ಲಲ್ಲವ್ವಾ!”

“ಬಾಜು ಅಂಗಡ್ಯಾಗ ಕೊಟ್ಟೀನಿ. ನಮ್ಮ ಸೊಸಿ ಫೋನಿನ್ಯಾಗ ನೋಡಿ ಕಳಿಸ್ಯಾಳ. ರಿಪೋರ್ಟ್ ನೀವು ಕೊಡ್ತೀರಂತ ಆ ಸರ್ ಹೇಳ್ಯಾನ. ಕೈ ಭಾಳ ತಣ್ಣಗದ ಅವಂದು.”

ಹೊರಗೆ ಹೋಗಿ ನೋಡಿದೆ. ವಾಗೀಶನ ಲ್ಯಾಬಿಗೆ ಹಾಕಿದ್ದ ಬೀಗ ತುಕ್ಕು ಹಿಡಿದಿತ್ತು. ಅಷ್ಟು ಬಿಸಿಲಿನಲ್ಲೂ ಶಟರ್ ಮುಟ್ಟಿದರೆ ತಣ್ಣಗಿತ್ತು. ಸಂದಿನಿಂದ ಸ್ಪಿರಿಟ್ ವಾಸನೆ ಬರುತ್ತಿತ್ತು.

ಒಳಗೆ ಬಂದು ಆಕೆಯ ಕೈಮೇಲಿನ ಹತ್ತಿ ತೆಗೆದೆ. ಆಕೆಯ ನರ ಸಿಗುವುದೇ ಕಷ್ಟ. ಹೋದ ಸಲ ನಾನು ಮೂರು ಕಡೆ ಚುಚ್ಚಿದ್ದೆ. ಈಗ ಅಲ್ಲಿ ಒಂದೇ ಒಂದು ಹಸಿ ಚುಚ್ಚುಗುರುತು ಇತ್ತು. ಸುತ್ತ ಎಲ್ಲಿಯೂ ನೀಲಿಗಟ್ಟಿರಲಿಲ್ಲ.