ಪೆಟ್ಟಿಗೂ ಮೊದಲಿನ ಗೆರೆ

ನಮ್ಮ ಯಜಮಾನರು ಡೋಲು ಬಾರಿಸಿದರೆ ಬಂಡೆಯೂ ತಲೆದೂಗುತ್ತಿತ್ತು. ಅವರು ಹೋದ ಮೇಲೆ ಉಳಿದದ್ದು ಒಂದೇ ಕ್ಯಾಸೆಟ್. ಸೊಸೆ ಅದನ್ನು ಕಂಪ್ಯೂಟರಿಗೆ ಏರಿಸಿ, ಹೊಸ ಹಾಡೊಂದಕ್ಕೆ ಬೇಕೆಂದು ಪೆಟ್ಟು ಪೆಟ್ಟಾಗಿ ಕತ್ತರಿಸಲು ಕೂತಳು. ಎಲ್ಲಿ ಪೆಟ್ಟು ಬಿತ್ತೋ ಅಲ್ಲೊಂದು ಗೆರೆ ಪರದೆಯ ಮೇಲೆ ತಾನಾಗಿ ಬಂದು ನಿಲ್ಲುತ್ತದೆ.

"ಅತ್ತೆ, ಪ್ರತಿ ಪೆಟ್ಟಿಗೂ ಮೊದಲು ಇನ್ನೊಂದು ಗೆರೆ ಬರ್ತಿದೆ. ಅಳಿಸಿದ್ರೂ ಮತ್ತೆ ಬರುತ್ತೆ."

ಹೆಡ್‌ಫೋನ್ ಹಾಕಿಕೊಂಡೆ. ಮಟಮಟ ಮಧ್ಯಾಹ್ನ, ಕಿವಿಗೆ ಮಾತ್ರ ಮಂಜುಗಡ್ಡೆ ಒತ್ತಿದಂತಾಯಿತು. ಮೆಲ್ಲನೆ ಒಂದು ಚಪ್ಪಾಳೆ, ಜೊತೆಗೆ ಬಳೆಯ ಸದ್ದು. ಆಮೇಲೆ ಇವರ ಪೆಟ್ಟು.

"ಯಾವಳೇ ಇವಳು?"

"ನೀವೇ ಇರ್ಬೇಕು."

"ಇದನ್ನ ರೆಕಾರ್ಡ್ ಮಾಡುವಾಗ ನಾನು ಹೊರಗಿದ್ದೆ ಕಣೇ! ಅವರೊಬ್ಬರೇ ಒಳಗೆ. ಬಾಗಿಲಿಗೆ ಬೀಗ ಜಡಿದು, ಬೆನ್ನು ಕೊಟ್ಟು ಕೂತಿದ್ದೆ. ಒಂದು ಹೆಣ್ಣು ನೊಣಾನೂ ಬಿಟ್ಟಿರಲಿಲ್ಲ."

ಸೊಸೆ ಕಿಸಕ್ಕನೆ ನಕ್ಕಳು. ನನ್ನ ಹೊಟ್ಟೆಗೆ ಬಿದ್ದ ಬೆಂಕಿಯಲ್ಲಿ ಊರಿಗೆಲ್ಲ ಅಡುಗೆ ಮಾಡಬಹುದಿತ್ತು.

"ಕತ್ತರಿಸಿ ಬಿಸಾಕು ಅವಳನ್ನ!"

ಅವಳು ಒಂದು ಚಪ್ಪಾಳೆಯನ್ನು ಕತ್ತರಿಸಿದಳು. ಅದರ ಮುಂದಿನ ಪೆಟ್ಟೂ ಕೇಳಿಸಲಿಲ್ಲ. ಪೆಟ್ಟಿನ ಗೆರೆ ನಿಂತೇ ಇತ್ತು, ಸದ್ದು ಮಾತ್ರ ಇಲ್ಲ. ಇನ್ನೊಂದನ್ನು ಕತ್ತರಿಸಿದಳು, ಅದೂ ಹಾಗೇ. ಸೊಸೆಯ ನಗು ನಿಂತಿತು.

"ಏನ್ ಮಾಡ್ಲಿ ಅತ್ತೆ? ಅವಳನ್ನ ತೆಗೆದ್ರೆ ಮಾವನೂ ಹೋಗ್ತಾರೆ."

ಹಲ್ಲು ಕಚ್ಚಿಕೊಂಡು ಹೇಳಿದೆ: "ವಾಪಸ್ ಇಡು."

ಇಟ್ಟಳು. ಈಗ ದಿನವೂ ಕೇಳುತ್ತೇನೆ. ಅವಳು ಯಾರಾದರೂ ಆಗಿರಲಿ, ಒಳಗೆ ಹೇಗಾದರೂ ಬಂದಿರಲಿ. ನನ್ನನ್ನು ಸುಡುವುದು ಬೇರೆಯೇ. ಅವರು ಬಾರಿಸಿದ್ದಕ್ಕೆ ಅವಳು ಚಪ್ಪಾಳೆ ತಟ್ಟಿದ್ದಲ್ಲ. ಅವಳು ತಟ್ಟಿದ ಮೇಲೆಯೇ ಇವರ ಕೈ ಏಳುತ್ತಿತ್ತು.