ಹೆರಿಗೆ ಮನೆಯ ಇಟ್ಟಿಗೆ

"ನಾಚಿಕೆ ಆಗಲ್ವೇನೋ ನಿನಗೆ? ಬಸುರಿ ಹೆಂಗಸರ ಇಟ್ಟಿಗೆ ಕದಿಯೋಕೆ ಹಾಡುಹಗಲೇ ಲಾರಿ ತಗೊಂಡು ಬಂದಿದ್ದೀಯಲ್ಲ! ನಿನ್ನನ್ನ ಹೆತ್ತವಳು ಯಾವ ಗೋಡೆ ಮರೆಯಲ್ಲಿ ಹೆತ್ತಳೋ!"

ನಾಮ್ಪಿಂಗಾ ಊರಿಗೆ ಊರೇ ಇಟ್ಟಿಗೆ ಗೂಡಿನ ಸುತ್ತ ನಿಂತಿತ್ತು. ಎಲ್ಲರೆದುರೇ ತಿಯಾಮಿಕೆ ಆ ಮಾತು ಅಂದುಬಿಟ್ಟಳು. ಲಾರಿಯ ಮುಂದೆ ಎರಡೂ ಕೈ ಚಾಚಿ ನಿಂತಿದ್ದಳು. ಸೊಂಟಕ್ಕೆ ಸುತ್ತಿದ್ದ ಚಿತೆಂಜೆ ಬಟ್ಟೆ ಮೊಣಕಾಲಿನವರೆಗೂ ಕೆಸರಾಗಿತ್ತು.

ಡ್ರೈವರ್ ಕೆಳಗಿಳಿದ. ಎತ್ತರದ ಹುಡುಗ. ಹೆಸರು ಮಸೌಕೊ. ಬೈಯಿಸಿಕೊಂಡ ಮುಖದಲ್ಲಿ ಸಿಟ್ಟಿರಲಿಲ್ಲ.

"ಗೋಡೆ ಇರಲಿಲ್ಲ," ಎಂದ. "ಆಸ್ಪತ್ರೆಗೆ ನಡ್ಕೊಂಡು ಹೋಗುವಾಗ ರಸ್ತೆ ಮೇಲೇ ಹೆತ್ತಳು."

ತಿಯಾಮಿಕೆ ನಾಲಗೆ ಕಚ್ಚಿಕೊಂಡಳು. 'ಛೇ... ಏನಂದುಬಿಟ್ಟೆ ನಾನು?' ಆದರೆ ಅವನ ಹಿಂದೆ ಹಮಾಲಿಗಳು ಇಟ್ಟಿಗೆ ತುಂಬುತ್ತಲೇ ಇದ್ದರು. ಕರಗಿದ ಮನಸ್ಸು ಮತ್ತೆ ಕಲ್ಲಾಯಿತು.

"ಹಾಗಾದ್ರೆ ನಿನಗೆ ಬುದ್ಧಿ ಇರಬೇಕಿತ್ತು! ಇದು ನಮ್ಮ ಹೆರಿಗೆ ಮನೆಗೆ ಸುಟ್ಟ ಇಟ್ಟಿಗೆ."

"ಹೆರಿಗೆ ಮನೆಗಾ? ನನಗೆ ಹೇಳಿದ್ದು..."

"ಎಂಪಿ ಸಾಹೇಬರು ಪೇಟೆಯಲ್ಲೇ ಹೆರಿಗೆ ಮನೆ ಕಟ್ಟಿಸ್ತಾರೆ. ಇದಕ್ಕಿಂತ ದೊಡ್ಡದು!" ಗುಂಪು ಸೀಳಿಕೊಂಡು ಬಂದವನು ವೈಸನ್, ತಿಯಾಮಿಕೆಯ ಸೋದರಮಾವ. ಮೈಮೇಲೆ ಪಕ್ಷದ ಹೊಸ ಅಂಗಿ ಗರಿಗರಿ ಅನ್ನುತ್ತಿತ್ತು. "ಇಟ್ಟಿಗೆ ನಾನೇ ಕೊಟ್ಟಿದ್ದೀನಿ. ದಾರಿ ಬಿಡೇ!"

"ಕೊಡೋಕೆ ನೀನ್ಯಾರು ಮಾವ? ಒಂದಾದರೂ ಇಟ್ಟಿಗೆ ಅಚ್ಚಿಗೆ ಹಾಕಿದ್ದೀಯಾ?"

ಆ ಊರಲ್ಲಿ ಹೆಣ್ಣುಮಗಳು ಸೋದರಮಾವನೊಂದಿಗೆ ಮಂಡಿಯೂರಿ ಮಾತನಾಡಬೇಕು. ತಿಯಾಮಿಕೆ ಮಂಡಿ ಬಗ್ಗಿಸಿರಲೇ ಇಲ್ಲ!

"ಇದು ನಮ್ಮ ಮನೆತನದ ನೆಲ. ಈ ಮನೆತನದ ಹೆಂಗಸರ ಪರವಾಗಿ ಮಾತಾಡೋನು ನಾನು. ಈ ನೆಲದ ಮೇಲೆ ಏನು ಸುಟ್ಟರೂ ನನ್ನ ಮಾತೇ ಕೊನೆ. ಕಟ್ಟಳೆ ಮರೆತೆಯಾ?"

ಅಲ್ಲೇ ಆಗಿತ್ತು ತಪ್ಪು. ಊರಿನ ಬಯಲಲ್ಲಿ ಗೂಡು ಹಾಕಿದರೆ ಯಾರಾದರೂ ಕದ್ದಾರು ಎಂದು ಹೆದರಿ, ತಿಯಾಮಿಕೆ ಮುಂದಾಳಾಗಿದ್ದ ಯುವಕರ ಸಂಘದವರು ಅವಳ ಅಜ್ಜಿಯ ಜಮೀನಿನಲ್ಲೇ ಹಾಕಿದ್ದರು. ಮನೆಯ ನೆಲಕ್ಕಿಂತ ಭದ್ರ ಜಾಗ ಯಾವುದು ಅಂದುಕೊಂಡಿದ್ದರು. ಕಳ್ಳ ಮನೆಯೊಳಗೇ ಇದ್ದ!

ವೈಸನ್ ಸೊಸೆಯ ತೋಳು ಹಿಡಿದು ಪಕ್ಕಕ್ಕೆ ಎಳೆದ. ಲಾರಿ ಹೊರಟಿತು. ಕನ್ನಡಿಯಲ್ಲಿ ಮಸೌಕೊನ ಕಣ್ಣು ಅವಳನ್ನೇ ನೋಡುತ್ತಿತ್ತು. ಅವಳು ಧೂಳಿಗೆ ಉಗಿದಳು.

ಆ ಇಟ್ಟಿಗೆ ಹೇಗಾಯಿತು ಗೊತ್ತೇ? ಎರಡು ಬೇಸಿಗೆ ಹುಡುಗರು ಮಣ್ಣು ತುಳಿದರು. ಹೆಂಗಸರು ಬೆನ್ನಿಗೆ ಮಗು ಕಟ್ಟಿಕೊಂಡೇ ನದಿಯಿಂದ ನೀರು ಹೊತ್ತರು, ಮರಳು ಹೊತ್ತರು. ಯಾರಿಗೂ ಕೂಲಿ ಇಲ್ಲ. ಯಾರೂ ಕೇಳಲೂ ಇಲ್ಲ. ಮಳೆಗಾಲದಲ್ಲಿ ನದಿ ಉಕ್ಕಿದರೆ ಆಸ್ಪತ್ರೆಯ ದಾರಿಯೇ ಮುಚ್ಚಿಹೋಗುತ್ತದೆ. ನೋವು ಶುರುವಾದ ಹೆಂಗಸು ಈ ದಡದಲ್ಲಿ ಕೂತು ಆ ದಡ ನೋಡಬೇಕು. ಹಾಗೆ ನೋಡುತ್ತಲೇ ತಿಯಾಮಿಕೆಯ ಅಕ್ಕ ಸತ್ತಳು. ಮುಂದಿನ ಮಳೆಗೆ ಮೊದಲು ಗೋಡೆ ಏಳಬೇಕು, ಪೇಟೆಯಿಂದ ದಾದಿ ಬಂದು ಇಲ್ಲೇ ಉಳಿಯಬೇಕು... ಅವಳಿಗಿದ್ದದ್ದು ಅದೊಂದೇ ಹಟ.

ಇವಳನ್ನೇ ಒಮ್ಮೆ ಯಾವುದೋ ಸಂಸ್ಥೆಯವರು ದೊಡ್ಡ ಊರಿನ ಹೋಟೆಲಿಗೆ ಕರೆಸಿ 'ಆಫ್ರಿಕಾದ ಯುವ ನಾಯಕಿ' ಎಂದು ಕೊರಳಿಗೆ ಬಿಲ್ಲೆ ಹಾಕಿದ್ದರು. ಬಿಸ್ಕತ್ತು ಕೊಟ್ಟರು. ಫೋಟೊ ತೆಗೆದರು. "ನಿನ್ನಂಥವರೇ ಈ ಖಂಡದ ನಾಳೆ" ಎಂದು ಚಪ್ಪಾಳೆ ತಟ್ಟಿದರು.

ಈಗ ಅವಳು ಆ ಸಂಸ್ಥೆಯವರಿಗೆ ಫೋನ್ ಮಾಡಿದಳು.

"ಅಯ್ಯೋ, ಬೇಸರದ ವಿಷಯ ಕಣಮ್ಮ. ಆದರೆ ರಾಜಕೀಯದವರ ವಿಷಯ ನಮ್ಮ ಕಾರ್ಯಕ್ರಮದೊಳಗೆ ಬರಲ್ಲ. ನೀನು ಧೈರ್ಯ ಕಳ್ಕೋಬೇಡ, ಆಯ್ತಾ? ನೀನು ನಾಯಕಿ!"

ಫೋನ್ ಇಟ್ಟರು. ನಾಳೆಯಂತೆ ನಾಳೆ! ಇವತ್ತು ಇಟ್ಟಿಗೆ ಹೋಗುತ್ತಿದ್ದಾಗ ಎಲ್ಲಿ ಹೋಗಿತ್ತು ಆ ಚಪ್ಪಾಳೆ?

ಮರುದಿನ ಬೆಳಿಗ್ಗೆ ಲಾರಿ ಮತ್ತೆ ಬಂತು. ಸದ್ದು ಕೇಳಿದ್ದೇ ತಿಯಾಮಿಕೆಯ ತಲೆ ಕಾದುಹೋಯಿತು. 'ಉಳಿದದ್ದನ್ನೂ ಬಳಿದುಕೊಂಡು ಹೋಗೋಕೆ ಬಂದ!' ಕೆಸರಿನ ಮುದ್ದೆ ತೆಗೆದು ಬೀಸಿದಳು. ಕೆಳಗಿಳಿಯುತ್ತಿದ್ದ ಮಸೌಕೊನ ಎದೆಗೆ ಪಚಕ್ ಎಂದು ಬಡಿಯಿತು.

ಅವನು ಒರೆಸಿಕೊಳ್ಳಲಿಲ್ಲ. ಹಿಂದಕ್ಕೆ ಹೋಗಿ ಲಾರಿಯ ಬಾಗಿಲು ತೆಗೆದ.

ನಿನ್ನೆಯ ಇಟ್ಟಿಗೆ! ಒಂದೂ ಇಳಿದಿರಲಿಲ್ಲ!

"ಏನಿದು?" ಅವಳು ಲಾರಿಯ ಹತ್ತಿರ ಬಂದಳು.

"ಹೆರಿಗೆ ಮನೆಯ ಪಾಯ ಎಲ್ಲಿ ಅಂತ ಎಂಪಿಯ ಕಾವಲುಗಾರನನ್ನ ಕೇಳಿದೆ. ಬಿದ್ದು ಬಿದ್ದು ನಕ್ಕ. ಬಂಗಲೆ ಸುತ್ತ ಕಾಂಪೌಂಡ್ ಗೋಡೆಯಂತೆ. ಸಾಹೇಬರ ನಾಯಿಗಳು ಹೊರಗೆ ಓಡಿಹೋಗ್ತಾವಂತೆ."

"ನಾಯಿಗಳಿಗಾ..." ತಿಯಾಮಿಕೆಯ ಕಣ್ಣಲ್ಲಿ ನೀರು ತುಂಬಿತು. ಅಕ್ಕನ ಮುಖ ಕಣ್ಣ ಮುಂದೆ ಬಂದು ಹೋಯಿತು. "ನಮ್ಮ ಹೆಂಗಸರು ದಡದಲ್ಲಿ ಸಾಯಬಹುದು. ಅವನ ನಾಯಿ ಮಾತ್ರ ರಸ್ತೆಗೆ ಬರಬಾರದು!"

"ಅಳಬೇಡಿ..."

"ಅಳು ಅಲ್ಲ ಇದು. ಸಿಟ್ಟು!"

"ಹಾಗಾದ್ರೆ ಇಟ್ಟಿಗೆ ಇಳಿಸಿ. ಸಿಟ್ಟಿಗೆ ಅದೇ ಮದ್ದು."

ಅವಳಿಗೆ ನಗು ಬಂತು. ನಕ್ಕೆನಲ್ಲ ಎಂದು ಇನ್ನಷ್ಟು ಸಿಟ್ಟು ಬಂತು. ಇಬ್ಬರೂ ಇಟ್ಟಿಗೆ ಇಳಿಸತೊಡಗಿದರು. ಕೈಯಿಂದ ಕೈಗೆ ದಾಟಿಸುವಾಗ ಬೆರಳು ತಾಗಿದರೆ ಅವಳು ಬೇರೆ ಕಡೆ ನೋಡುತ್ತಿದ್ದಳು.

"ನಿನ್ನ ಕೆಲಸ?"

"ಲಾರಿ ಮಾಲೀಕ ಫೋನಿನಲ್ಲೇ ಕಿತ್ತುಹಾಕಿದ. ಇದನ್ನ ಇಳಿಸಿದ ಮೇಲೆ ಲಾರಿ ಅವನ ಬಾಗಿಲಲ್ಲಿ ನಿಲ್ಲಿಸಿ ಬರಬೇಕು."

"ಹುಚ್ಚ ನೀನು!"

"ಹೌದಾ? ನಿನ್ನೆ ಲಾರಿಗೆ ಎದೆ ಕೊಟ್ಟು ನಿಂತವರು ಯಾರು?"

ಅಷ್ಟರಲ್ಲಿ ಕಾರು ಬಂತು. ವೈಸನ್ ಇಳಿದ. ಜೊತೆಗೆ ಎಂಪಿಯ ಕಾರ್ಯದರ್ಶಿ, ಕಪ್ಪು ಕನ್ನಡಕ. ಊರವರು ಓಡಿ ಬಂದರು.

"ಕಳ್ಳ ನನ್ನ ಮಗನೇ!" ವೈಸನ್ ಮಸೌಕೊನ ಕಡೆ ಬೆರಳು ತೋರಿಸಿ ಕಿರುಚಿದ. "ನಾನು ಕೊಟ್ಟ ಇಟ್ಟಿಗೆ ವಾಪಸ್ ತರೋಕೆ ನಿನಗೇನೋ ಹಕ್ಕು? ನಮ್ಮ ನೆಲದ ವಿಷಯ ಇದು!"

"ಯಾರ ನೆಲ ವೈಸನ್?"

ಅಜ್ಜಿ. ಕೋಲೂರಿಕೊಂಡು, ಒಂದೊಂದೇ ಹೆಜ್ಜೆ ಇಡುತ್ತಾ ಬಂದಳು. ಅವನನ್ನು ಹೆತ್ತವಳು ಅವಳೇ. ವೈಸನ್ ಚಾಚಿದ್ದ ಬೆರಳು ಇಳಿಸಿದ.

"ಕೇಳ್ತಿದ್ದೀನಿ, ಹೇಳು. ನನ್ನ ಅವ್ವನಿಂದ ನನಗೆ ಬಂತು ಈ ನೆಲ. ನನ್ನಿಂದ ಈ ಹುಡುಗಿಗೆ ಹೋಗುತ್ತೆ. ನಡುವೆ ನಿಂದು ಯಾವಾಗ ಆಯ್ತಪ್ಪ?"

"ಅವ್ವ, ನಾನು ನಿಮ್ಮೆಲ್ಲರ ಪರವಾಗಿ..."

"ಪರವಾಗಿ ಮಾತಾಡು ಅಂತ ಇಟ್ಕೊಂಡಿದ್ವಿ. ಒಂದು ಅಂಗಿಗೆ ನಮ್ಮನ್ನ ಮಾರು ಅಂತಲ್ಲ! ಇವಳ ಅಕ್ಕ ನದಿ ದಡದಲ್ಲಿ ಸತ್ತಾಗ ಹೆಣ ಹೊತ್ತವನು ನೀನೇ ಅಲ್ವೇನೋ? ಹೆಗಲಿಗೆ ಮರೆತುಹೋಯ್ತಾ?" ಅಜ್ಜಿ ಊರವರ ಕಡೆ ತಿರುಗಿದಳು. "ಎಲ್ಲರೂ ಕೇಳಿಸ್ಕೊಳ್ಳಿ. ಇನ್ನು ಮೇಲೆ ನಮ್ಮ ಮನೆತನದ ಮಾತು ಇವನು ಆಡಲ್ಲ. ತಿಯಾಮಿಕೆ ಆಡ್ತಾಳೆ."

ಗಂಡಸರಲ್ಲಿ ಗುಸುಗುಸು. ಹೆಂಗಸರಲ್ಲಿ ಒಂದೂ ಇಲ್ಲ. ಅವರು ಆಗಲೇ ಬಂದು ಇಟ್ಟಿಗೆಯ ಸುತ್ತ ನಿಂತಿದ್ದರು.

ಕಾರ್ಯದರ್ಶಿ ಕನ್ನಡಕ ತೆಗೆದು ಹಲ್ಲು ಕಿರಿದ. "ಜಗಳ ಯಾಕೆ? ಹೆರಿಗೆ ಮನೆ ಇಲ್ಲೇ ಆಗಲಿ. ಸಾಹೇಬರ ಹೆಸರಿನದ್ದೊಂದು ಫಲಕ ಹಾಕೋಣ, ಸಾಕು. ಸಾಹೇಬರೇ ಬಂದು ಉದ್ಘಾಟನೆ ಮಾಡ್ತಾರೆ."

"ಬರಲಿ," ಎಂದಳು ತಿಯಾಮಿಕೆ. "ಬಂದು ಮೊದಲು ಮಣ್ಣು ತುಳಿಯಲಿ. ಬೆನ್ನಿಗೆ ಮಗು ಕಟ್ಟಿಕೊಂಡು ನೀರು ಹೊರಲಿ. ಆಮೇಲೆ ಫಲಕದ ಮಾತು!"

ಹೆಂಗಸರು ಹೋ ಎಂದು ನಕ್ಕರು. ಆ ನಗುವಿಗೆ ಕಾರ್ಯದರ್ಶಿ ಕಾರು ಹತ್ತಿದ, ಅದು ಹಿಂದೆ ಹಿಂದೆ ಹೋಗಿ ತಿರುಗಿಕೊಂಡಿತು. ವೈಸನ್ ಅದನ್ನು ಹತ್ತಲು ಹೋದ. ಅವನಿಗಾಗಿ ಯಾರೂ ಬಾಗಿಲು ತೆಗೆಯಲಿಲ್ಲ.

ಲಾರಿ ಒಪ್ಪಿಸಿ ಮಸೌಕೊ ನಡೆದೇ ಹಿಂದಿರುಗಿದ. ಬಂದವನು ಗೋಡೆ ಕೆಲಸಕ್ಕೆ ನಿಂತ. ಇಟ್ಟಿಗೆ ಮೇಲೆ ಇಟ್ಟಿಗೆ ಏರಿತು. ತಿಯಾಮಿಕೆ ಮಣ್ಣು ಕಲಸಿ ಕೊಡುವಳು, ಅವನು ಕರಣೆಯಲ್ಲಿ ಎಳೆಯುವನು. ಮಧ್ಯಾಹ್ನ ನ್ಸಿಮಾ, ಮೆಕ್ಕೆಜೋಳದ ಮುದ್ದೆ, ಉಣ್ಣುವಾಗ ತನ್ನ ಪಾಲಿನ ಒಣಮೀನು ಅವನ ತಟ್ಟೆಗೆ ಹಾಕುವಳು. ಕೇಳಿದರೆ, "ನನಗೆ ಹಸಿವಿಲ್ಲ" ಎನ್ನುವಳು. ಸುಳ್ಳು!

ಗೋಡೆ ಕಿಟಕಿಯ ಎತ್ತರಕ್ಕೆ ಬಂದ ದಿನ ಅವಳೇ ಬಾಯಿಬಿಟ್ಟಳು.

"ಇದು ಮುಗಿದ ಮೇಲೆ ಎಲ್ಲಿಗೆ ಹೋಗ್ತೀಯ?"

"ಎಲ್ಲಿ ಲಾರಿ ಸಿಗುತ್ತೋ ಅಲ್ಲಿಗೆ."

"ಯಾರು ಕೊಡ್ತಾರೆ? ನೀನು ಕಳ್ಳ ಅಂತ ಪೇಟೆಯೆಲ್ಲ ಮಾತಾಡ್ತಿದೆ." ಅವಳು ತಲೆ ತಗ್ಗಿಸಿದಳು. "ಮೊದಲು ಅಂದವಳು ನಾನೇ..."

"ಅಂದಿದ್ದಕ್ಕೇ ಅಲ್ವಾ ನಾನು ಗೇಟಿನ ಹತ್ತಿರ ನಿಂತು ಕೇಳಿದ್ದು? ನೀನು ಬೈಯದೆ ಇದ್ದಿದ್ರೆ ಸುಮ್ಮನೆ ಇಳಿಸಿ ಬರ್ತಿದ್ದೆ."

ಅವಳ ಕಣ್ಣು ತುಂಬಿತು. ಈ ಸಲ ಅದು ಸಿಟ್ಟಾಗಿರಲಿಲ್ಲ.

"ಮಸೌಕೊ... ಇಲ್ಲೇ ಇದ್ದುಬಿಡು. ನಮ್ಮ ಊರಿಗೆ ಅಳಿಯನಾಗಿ ಬಾ. ನನ್ನ ಮನೆಗೆ. ನಿನ್ನನ್ನ ಕಳಿಸಿಕೊಡೋಕೆ ನನ್ನಿಂದ ಆಗಲ್ಲ!"

ಮರಳು ಸುರಿಯುತ್ತಿದ್ದ ಹೆಂಗಸರ ಕೈಗಳು ಹಾಗೇ ನಿಂತವು. ಮಸೌಕೊ ಬಾಯಿ ತೆರೆದ...

"ಮುಚ್ಚೋ ಬಾಯಿ!" ಅಜ್ಜಿಯ ಕೋಲು ಗೋಡೆಗೆ ಬಡಿಯಿತು. "ಈ ಮಾತಿಗೆ ಹುಡುಗ ತಾನೇ ಹೂಂ ಅಂದರೆ ಅದು ಪೋಲಿ ಮಾತು. ನಿಜವಾಗ್ಲೂ ಬೇಕಿದ್ರೆ ಅವನ ಸೋದರಮಾವ ಬಂದು ನನ್ನ ಅಂಗಳದಲ್ಲಿ ಕೂತು ಹೇಳ್ತಾನೆ. ಕಂಕುಳಲ್ಲಿ ಕೋಳಿ ಇಟ್ಕೊಂಡು!"

"ಅಜ್ಜಿ, ಅವನ ಮಾವ ಇರೋದು ಮುಲಂಜೆ ಬೆಟ್ಟದ ಬುಡದಲ್ಲಿ!" ಯಾರೋ ನಕ್ಕರು.

"ಇವನಿಗೆ ಕಾಲಿಲ್ವಾ?"

ಮಸೌಕೊ ತಿಯಾಮಿಕೆಯನ್ನೇ ನೋಡಿದ. ಕರಣೆಯನ್ನು ಅವಳ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿದ.

"ಬರ್ತೀಯ ತಾನೆ?" ಅವಳು ಪಿಸುಗುಟ್ಟಿದಳು. "ಅಜ್ಜಿಗೆ ಕೇಳಿಸದ ಹಾಗೆ ಹೇಳು... ಒಂದೇ ಒಂದು ಮಾತು!"

ಅವನು ಕೈಯ ಮಣ್ಣು ತೊಳೆದ. ಅಂಗಿ ಹೆಗಲಿಗೆ ಹಾಕಿಕೊಂಡ. ಹೆಂಗಸರು ನಾಲಗೆ ಹೊರಳಿಸಿ ಕೇಕೆ ಹಾಕತೊಡಗಿದರು. ಮಸೌಕೊ ಮಾತ್ರ ಉತ್ತರ ಕೊಡದೆ, ನದಿ ದಾಟಿ, ಮಾವನಿರುವ ಬೆಟ್ಟದ ಕಡೆ ಬಿರಬಿರನೆ ನಡೆದುಹೋದ.